ಗಣಕಯಂತ್ರಗಳ ಸಹಬಾಳ್ವೆ

ಕಾರವಾರದಿಂದ ಅಂಕೋಲೆಯ ಕಡೆಗೆ ಹೊರಟ ಹೆದ್ದಾರಿಯು ಬಿಣಗಾವನ್ನು ದಾಟಿ ದಕ್ಷಿಣಕ್ಕೆ ಸಾಗಿದಾಗ ಅರ್ಗಾ ಎಂಬ ಊರು ಸಿಗುತ್ತದೆ. ಒಂದು ಕಡೆ ಸಹ್ಯಾದ್ರಿಯ ಕಾಡುಬೆಟ್ಟಗಳು, ಇನ್ನೊಂದು ಕಡೆ ಅರಬ್ಬೀ ಸಮುದ್ರ. ಇವೆರಡರ ನಡುವೆ ಇಕ್ಕಟ್ಟಾದ ನೆಲ. 1986ರ ಅಕ್ಟೋಬರ್ 24ರಂದು ಅಂದಿನ ಪ್ರಧಾನಮಂತ್ರಿ ರಾಜೀವ್ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆ ಮಾಡಿದುದು ಈ ಕರಾವಳಿಯಲ್ಲಿಯೇ. 2005ರಲ್ಲಿ ಆ ನೆಲೆಯು ‘ಐಎನ್‌ಎಸ್ ಕದಂಬ’ ಎಂಬ ಹೆಸರಿನಿಂದ ಕಾರ್ಯಾರಂಭ ಮಾಡಿತು. ಅದಕ್ಕಾಗಿ ಇಲ್ಲಿನ ಅನೇಕ ಕುಟುಂಬಗಳು ಮನೆ ಗದ್ದೆಗಳನ್ನು ಬಿಟ್ಟುಕೊಟ್ಟು ಬೇರೆಡೆಗೆ ಹೋದವು. ದೇಶದ ನಾನಾ ಭಾಗಗಳಿಂದ ನೌಕಾಪಡೆಯವರು ಬಂದು ನೆಲೆಸಿದರು. ಹೀಗಾಗಿ ಈ ದಾರಿಯ ಅಂಗಡಿಗಳಲ್ಲಿ ಕೊಂಕಣಿ, ಕನ್ನಡ, ಮರಾಠಿ, ಹಿಂದಿ ಎಲ್ಲವೂ ಕಿವಿಗೆ ಬೀಳುತ್ತವೆ.

ಮೀನು ಮಾರುವ ಹೆಂಗಸು ಮನೆಯಲ್ಲಿ ಕೊಂಕಣಿ ಆಡುವವಳು. ಕೊಳ್ಳಲು ಬಂದವನು ಪಂಜಾಬದವನು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ಆದರೂ ಬಂಗಡೆ ಮಾರಾಟವಾಗದೆ ಉಳಿಯುವುದಿಲ್ಲ. ಮೊದಲು ಬೆಲೆ ಕೇಳುವುದು, ಆಮೇಲೆ ಹೇಳುವುದು, ಚೌಕಾಸಿ ಮಾಡುವುದು, ಒಪ್ಪಿದ ಮೇಲೆ ಮೀನು ಕೊಡುವುದು, ಹಣ ಎಣಿಸುವುದು ಎಂಬ ಕ್ರಮ ಇಬ್ಬರಿಗೂ ಗೊತ್ತು. ನಾಲ್ಕಾರು ಮಾತು, ಬೆರಳಿನ ಸನ್ನೆ, ಇಷ್ಟರಿಂದಲೇ ವ್ಯವಹಾರ ಮುಗಿಯುತ್ತದೆ. ಅವನು ಕೊಂಕಣಿಗನಾಗಬೇಕಾಗಿಲ್ಲ, ಅವಳು ಪಂಜಾಬಿ ಕಲಿಯಬೇಕಾಗಿಲ್ಲ. ವ್ಯವಹಾರದ ಮಟ್ಟಿಗೆ ಒಂದು ಒಡಂಬಡಿಕೆ ಇದ್ದರೆ ಸಾಕು.

ಗಣಕಯಂತ್ರಗಳ ಲೋಕದಲ್ಲಿಯೂ ಇಂತಹದೇ ಸ್ಥಿತಿ ಉಂಟು. ಒಂದು ಶಾಲೆಯಲ್ಲಿ ಐದಾರು ಗಣಕಗಳಿವೆ ಎಂದು ಭಾವಿಸೋಣ. ಅವುಗಳಲ್ಲಿ ಕೆಲವು ವಿಂಡೋಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಿಂದ ನಡೆಯುತ್ತವೆ, ಕೆಲವು ಲಿನಕ್ಸ್‌ನಿಂದ. ಮುಖ್ಯೋಪಾಧ್ಯಾಯರ ಮೇಜಿನ ಮೇಲಿರುವುದು ಆ್ಯಪಲ್ ಸಂಸ್ಥೆಯದು ಆಗಿರಬಹುದು. ಆಪರೇಟಿಂಗ್ ಸಿಸ್ಟಮ್ ಎಂದರೆ ಯಂತ್ರದ ಒಳಾಡಳಿತ. ಕಡತವನ್ನು ಎಲ್ಲಿ ಇಡಬೇಕು, ಯಾರಿಗೆ ತೋರಿಸಬೇಕು, ಪ್ರಿಂಟರಿಗೆ ಏನು ಹೇಳಬೇಕು ಎಂಬುದನ್ನೆಲ್ಲ ನಿರ್ಧರಿಸುವುದು ಅದೇ. ಶಾಲೆಗೆ ಪ್ರಿಂಟರು ಒಂದೇ. ಅಂಕಪಟ್ಟಿಯ ಕಡತವೂ ಒಂದೇ ಇರಬೇಕು. ಹತ್ತು ಕಡೆ ಹತ್ತು ಪ್ರತಿಗಳಾದರೆ ಯಾವುದು ಸರಿ ಎಂಬುದೇ ತಿಳಿಯದು. ಹಾಗಿದ್ದರೆ ಬೇರೆ ಬೇರೆ ಒಳಾಡಳಿತವುಳ್ಳ ಈ ಯಂತ್ರಗಳು ಒಂದೇ ಕಡತವನ್ನು, ಒಂದೇ ಪ್ರಿಂಟರನ್ನು ಹಂಚಿಕೊಳ್ಳುವುದು ಹೇಗೆ?

ತಂತಿಯಿಂದ ಅವುಗಳನ್ನು ಜೋಡಿಸಿದ ಮಾತ್ರಕ್ಕೆ ಇದು ಸಾಧ್ಯವಾಗದು. ಅವುಗಳ ನಡವಳಿಕೆ ಚಿಕ್ಕ ಚಿಕ್ಕ ವಿಷಯಗಳಲ್ಲಿಯೂ ಭಿನ್ನ. ರೋಮನ್ ಲಿಪಿಯಲ್ಲಿ ಹೆಸರಿಟ್ಟ ಎರಡು ಕಡತಗಳಲ್ಲಿ ಒಂದರ ಮೊದಲ ಅಕ್ಷರ ದೊಡ್ಡದು, ಇನ್ನೊಂದರದು ಚಿಕ್ಕದು ಆಗಿದ್ದರೆ ಲಿನಕ್ಸ್ ಅವನ್ನು ಎರಡು ಬೇರೆ ಕಡತಗಳೆಂದು ತಿಳಿಯುತ್ತದೆ. ವಿಂಡೋಸ್‌ಗೆ ಸಾಮಾನ್ಯವಾಗಿ ಅವೆರಡೂ ಒಂದೇ ಹೆಸರು. ಅಕ್ಷರದಲ್ಲಿ ಹಿರಿದು ಕಿರಿದು ಎಂಬ ಭೇದವನ್ನೇ ಕಾಣದ ಕನ್ನಡಿಗರಿಗೆ ಈ ಜಗಳ ವಿಚಿತ್ರವಾಗಿ ತೋರಿದರೆ ಆಶ್ಚರ್ಯವಿಲ್ಲ. ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಲಿನಕ್ಸ್ ಸುಮ್ಮನಿರುತ್ತದೆ; ವಿಂಡೋಸ್ ಒಪ್ಪುವುದಿಲ್ಲ. ಕಡತವಿರುವ ದಾರಿಯನ್ನು ತೋರಿಸುವ ಓರೆಗೆರೆ ಒಂದರಲ್ಲಿ ಬಲಕ್ಕೆ ವಾಲಿದರೆ ಇನ್ನೊಂದರಲ್ಲಿ ಎಡಕ್ಕೆ ವಾಲುತ್ತದೆ. ಯಂತ್ರಗಳು ಮನುಷ್ಯರಂತೆ ಊಹಿಸಿ ಅರ್ಥ ಮಾಡಿಕೊಳ್ಳಲಾರವು. ಒಂದು ಚಿಹ್ನೆ ತಪ್ಪಿದರೂ ಮಾತು ನಿಂತುಹೋಗುತ್ತದೆ.

ಆದುದರಿಂದ ಯಾವ ಕ್ರಮದಲ್ಲಿ ಕೇಳಬೇಕು, ಯಾವ ಕ್ರಮದಲ್ಲಿ ಉತ್ತರಿಸಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಇಂತಹ ಒಡಂಬಡಿಕೆಗೆ ಪ್ರೊಟೊಕಾಲ್ ಎಂದು ಹೆಸರು. ಕಡತಗಳ ಹಂಚಿಕೆಗೆ ಇಂತಹ ಎರಡು ಮುಖ್ಯ ಒಡಂಬಡಿಕೆಗಳು 1980ರ ದಶಕದ ಮೊದಲ ಭಾಗದಲ್ಲಿ ಹುಟ್ಟಿಕೊಂಡವು. ಸನ್ ಎಂಬ ಸಂಸ್ಥೆಯು ಯುನಿಕ್ಸ್ ಗಣಕಗಳಿಗಾಗಿ ‘ಎನ್‌ಎಫ್‌ಎಸ್’ ಎಂಬುದನ್ನು ರೂಪಿಸಿತು. ಐಬಿಎಂ ಸಂಸ್ಥೆಯಲ್ಲಿದ್ದ ಬ್ಯಾರಿ ಫೈಗೆನ್‌ಬಾಮ್ ಎಂಬುವರು ಚಿಕ್ಕ ಗಣಕಗಳಿಗಾಗಿ ರೂಪಿಸಿದುದು ‘ಎಸ್‌ಎಂಬಿ’. ಮೈಕ್ರೋಸಾಫ್ಟ್ ಅದನ್ನು ತೆಗೆದುಕೊಂಡು ಬೆಳೆಸಿತು. ಎನ್‌ಎಫ್‌ಎಸ್ ಬಲ್ಲವು ಎನ್‌ಎಫ್‌ಎಸ್ ಬಲ್ಲವುಗಳೊಡನೆ, ಎಸ್‌ಎಂಬಿ ಬಲ್ಲವು ಎಸ್‌ಎಂಬಿ ಬಲ್ಲವುಗಳೊಡನೆ ಮಾತನಾಡುತ್ತಿದ್ದವು. ಎರಡು ಗುಂಪುಗಳ ನಡುವೆ ಬಾಯಿಲ್ಲ.

ಈ ಮೌನವನ್ನು ಮುರಿದುದು ಯಾವ ದೊಡ್ಡ ಸಂಸ್ಥೆಯೂ ಅಲ್ಲ. ಆಸ್ಟ್ರೇಲಿಯದ ಕ್ಯಾನ್‌ಬೆರಾ ನಗರದಲ್ಲಿ, ಆಸ್ಟ್ರೇಲಿಯನ್ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ, ಆ್ಯಂಡ್ರೂ ಟ್ರಿಜೆಲ್ ಎಂಬ ತರುಣರು ಸಂಶೋಧನ ವಿದ್ಯಾರ್ಥಿಯಾಗಿದ್ದರು. ಅವರ ಮೇಜಿನ ಮೇಲೆ ಡಾಸ್‌ನಿಂದ ನಡೆಯುವ ಚಿಕ್ಕ ಗಣಕವೊಂದಿತ್ತು. ವಿಭಾಗದಲ್ಲಿ ಯುನಿಕ್ಸ್ ಗಣಕಗಳಿದ್ದವು. ಯುನಿಕ್ಸ್ ಗಣಕದೊಳಗಿನ ಕಡತಗಳನ್ನು ತಮ್ಮ ಮೇಜಿನಿಂದಲೇ ತೆರೆಯಬೇಕೆಂಬುದು ಅವರ ಬಯಕೆ. ಚಿಕ್ಕ ಗಣಕದಲ್ಲಿದ್ದ ತಂತ್ರಾಂಶವು ತನ್ನನ್ನು ತಯಾರಿಸಿದ ಸಂಸ್ಥೆಯ ಸರ್ವರುಗಳೊಡನೆ ಮಾತನಾಡಬಲ್ಲದಾಗಿತ್ತು. ಅದು ಆಡುವ ಮಾತಿನ ವ್ಯಾಕರಣ ಮಾತ್ರ ಅವರ ಕೈಯಲ್ಲಿರಲಿಲ್ಲ.

1991ರ ಕೊನೆಯಲ್ಲಿ ಅವರು ಮಾಡಿದುದೇನೆಂದರೆ, ತಂತಿಯ ಮೇಲೆ ಹಾಯ್ದುಹೋಗುವ ಸಂದೇಶಗಳನ್ನು ಹಿಡಿದು ತೋರಿಸುವ ಒಂದು ಕ್ರಮವಿಧಿಯನ್ನು ಬರೆದರು. ಚಿಕ್ಕ ಗಣಕದಿಂದ ಒಂದು ಕೋರಿಕೆ ಕಳುಹಿಸುವುದು, ಸರ್ವರು ಏನು ಉತ್ತರ ಕೊಡುತ್ತದೆಂದು ನೋಡುವುದು. ಕೋರಿಕೆಯನ್ನು ಸ್ವಲ್ಪ ಬದಲಿಸುವುದು, ಉತ್ತರದಲ್ಲಿ ಯಾವ ಅಂಕೆ ಬದಲಾಯಿತೆಂದು ನೋಡುವುದು. ಮಗುವು ತಾಯಿಭಾಷೆಯನ್ನು ಕಲಿಯುವುದೂ ಬಹುಮಟ್ಟಿಗೆ ಹೀಗೆಯೇ. ಅದಕ್ಕೆ ಯಾರೂ ವ್ಯಾಕರಣ ಹೇಳಿಕೊಡುವುದಿಲ್ಲ. ಹೀಗೆ ಕಿವಿಗೊಟ್ಟು ಕಲಿತ ಮಾತನ್ನು ಯುನಿಕ್ಸ್ ಗಣಕದ ಬಾಯಲ್ಲಿ ಆಡಿಸುವ ತಂತ್ರಾಂಶವನ್ನು ಅವರು ಕೆಲವೇ ದಿನಗಳಲ್ಲಿ ಬರೆದು, 1992ರ ಜನವರಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ತಾವು ಕಲಿತುದು ಎಸ್‌ಎಂಬಿ ಎಂಬ ಒಡಂಬಡಿಕೆಯೆಂಬುದು ಆಗ ಅವರಿಗೆ ಗೊತ್ತೇ ಇರಲಿಲ್ಲ! ಸುಮಾರು ಎರಡು ವರ್ಷಗಳ ತರುವಾಯ, ಪತ್ನಿಯ ವಿಂಡೋಸ್ ಗಣಕವನ್ನು ತಮ್ಮ ಲಿನಕ್ಸ್ ಗಣಕಕ್ಕೆ ಜೋಡಿಸಹೊರಟಾಗ ಆ ಹಳೆಯ ತಂತ್ರಾಂಶವೇ ಅಲ್ಲಿಯೂ ಕೆಲಸ ಮಾಡಿತು. ಅದಕ್ಕೆ ಮೊದಲು ಇಟ್ಟ ಹೆಸರು ಬೇರೊಂದು ಸಂಸ್ಥೆಯ ವ್ಯಾಪಾರಮುದ್ರೆಯಾಗಿದ್ದುದರಿಂದ ಹೊಸ ಹೆಸರು ಬೇಕಾಯಿತು. ಎಸ್, ಎಂ, ಬಿ ಎಂಬ ಮೂರು ಅಕ್ಷರಗಳು ಅದೇ ಕ್ರಮದಲ್ಲಿ ಬರುವ ಮಾತುಗಳನ್ನು ಗಣಕದ ಪದಪಟ್ಟಿಯಲ್ಲಿ ಹುಡುಕಿದಾಗ ದೊರೆತವುಗಳಲ್ಲಿ ಬ್ರೆಜಿಲ್ ದೇಶದ ನೃತ್ಯವೊಂದರ ಹೆಸರಾದ ‘ಸಾಂಬಾ’ ಅವರಿಗೆ ಹಿಡಿಸಿತು.

ಸಾಂಬಾ ಮಾಡುವ ಕೆಲಸ ದುಭಾಷಿಯದು. ವಿಂಡೋಸ್ ಗಣಕವು ಅದರೊಡನೆ ಮಾತನಾಡುವಾಗ ಇನ್ನೊಂದು ವಿಂಡೋಸ್‌ನೊಡನೆ ಮಾತನಾಡುತ್ತಿರುವೆನೆಂದೇ ತಿಳಿಯುತ್ತದೆ. ಹಿರಿದು ಕಿರಿದು ಅಕ್ಷರಗಳ ಜಗಳವನ್ನು ಸಾಂಬಾ ತಾನೇ ತೀರಿಸುತ್ತದೆ. ವಿಂಡೋಸ್ ಒಪ್ಪದ ಹೆಸರಿಗೆ ಬದಲಿ ಹೆಸರು ತೋರಿಸುತ್ತದೆ. ಎಲ್ಲಕ್ಕಿಂತ ಕಷ್ಟದ ಕೆಲಸವೆಂದರೆ ಬೀಗ ಹಾಕುವುದು. ಅಂಕಪಟ್ಟಿಯನ್ನು ಕನ್ನಡದ ಉಪಾಧ್ಯಾಯರು ಹತ್ತು ಗಂಟೆಗೆ ತೆರೆದು ತಮ್ಮ ಅಂಕಗಳನ್ನು ತುಂಬುತ್ತಿದ್ದಾರೆ. ಹತ್ತೂ ಐದಕ್ಕೆ ಗಣಿತದ ಉಪಾಧ್ಯಾಯರು ಇನ್ನೊಂದು ಗಣಕದಿಂದ ಅದನ್ನೇ ತೆರೆಯುತ್ತಾರೆ. ಅವರು ಕಾಣುವುದು ಕನ್ನಡದ ಅಂಕಗಳಿಲ್ಲದ ಹಳೆಯ ಪಟ್ಟಿಯನ್ನು. ಮೊದಲನೆಯವರು ಕೆಲಸ ಮುಗಿಸಿ ಉಳಿಸಿದರು. ಆಮೇಲೆ ಎರಡನೆಯವರೂ ಉಳಿಸಿದರು. ಕನ್ನಡದ ಅಂಕಗಳೆಲ್ಲ ಮಾಯವಾದವು! ಯಾರೂ ತಪ್ಪು ಮಾಡಿಲ್ಲ, ಯಂತ್ರವೂ ಕೆಟ್ಟಿಲ್ಲ. ಆದರೂ ಒಂದು ತರಗತಿಯ ಶ್ರಮ ಅಳಿಸಿಹೋಯಿತು. ಇದನ್ನು ತಡೆಯಲು ಒಬ್ಬರು ಬರೆಯುತ್ತಿರುವಾಗ ಕಡತಕ್ಕೆ ಬೀಗ ಬೀಳಬೇಕು. ವಿಂಡೋಸ್‌ನಲ್ಲಿ ಈ ಬೀಗ ಕಡ್ಡಾಯ. ಯುನಿಕ್ಸ್ ಸಂಪ್ರದಾಯದಲ್ಲಿ ಅದು ಬರಿಯ ಸೂಚನೆ: ‘ಒಳಗೆ ಜನರಿದ್ದಾರೆ’ ಎಂಬ ಹಲಗೆ ನೇತುಹಾಕಿದಂತೆ, ನೋಡಿ ನಿಲ್ಲುವವರು ನಿಲ್ಲುತ್ತಾರೆ, ನೋಡದವರು ನುಗ್ಗುತ್ತಾರೆ. ಈ ಎರಡು ರೀತಿಗಳನ್ನು ಹೊಂದಿಸುವುದರಲ್ಲಿ ಸಾಂಬಾ ಬರೆದವರು ಪಟ್ಟ ಪಾಡು ಸಾಮಾನ್ಯವಲ್ಲ.

ಬೀಗದಂತೆಯೇ ಬಾಗಿಲು ಕಾಯುವುದೂ ಮುಖ್ಯ. ಅರ್ಗಾದ ನೌಕಾನೆಲೆಯ ಹೆಬ್ಬಾಗಿಲಲ್ಲಿ ಪಹರೆಯವನು ಕೇಳುವುದು ಎರಡು ವಿಷಯ: ನೀನು ಯಾರು, ನಿನಗೆ ಎಲ್ಲಿಯವರೆಗೆ ಹೋಗಲು ಅಪ್ಪಣೆ ಇದೆ. ಹಂಚಿದ ಕಡತಗಳ ಸರ್ವರೂ ಇದನ್ನೇ ಕೇಳಬೇಕು. ಗುಪ್ತಪದವು ಮೊದಲ ಪ್ರಶ್ನೆಗೆ ಉತ್ತರ. ಅಂಕಪಟ್ಟಿಯನ್ನು ಓದುವ ಹಕ್ಕು ಯಾರಿಗೆ, ತಿದ್ದುವ ಹಕ್ಕು ಯಾರಿಗೆ ಎಂಬುದು ಎರಡನೆಯದಕ್ಕೆ ಉತ್ತರ. ಸೌಕರ್ಯಕ್ಕೆಂದು ಎಲ್ಲರಿಗೂ ಎಲ್ಲವನ್ನೂ ತೆರೆದಿಡುವುದು ಅನೇಕ ಕಚೇರಿಗಳ ಅಭ್ಯಾಸ. ಅದು ಒಳ್ಳೆಯ ಅಭ್ಯಾಸವಲ್ಲ. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ದುಷ್ಟ ತಂತ್ರಾಂಶವು ವಿಂಡೋಸ್‌ನ ಹಳೆಯ ಎಸ್‌ಎಂಬಿಯಲ್ಲಿದ್ದ ಒಂದು ಬಿರುಕಿನ ಮೂಲಕ ಗಣಕದಿಂದ ಗಣಕಕ್ಕೆ ಹಬ್ಬಿ, 150ಕ್ಕೂ ಹೆಚ್ಚು ದೇಶಗಳಲ್ಲಿ ಕಡತಗಳನ್ನು ಬಂಧಿಸಿ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ನಿಂತುಹೋದವು. ಆ ಬಿರುಕಿಗೆ ಬೇಕಾದ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ ಕೊಟ್ಟಿತ್ತು, ಹಚ್ಚಿಕೊಳ್ಳದವರು ಕೆಟ್ಟರು. ಸಾಂಬಾದಲ್ಲಿಯೂ ಅದೇ ತಿಂಗಳಿನಲ್ಲಿ ಬೇರೊಂದು ದೋಷ ಹೊರಬಿದ್ದು ಅದನ್ನು ಸರಿಪಡಿಸಬೇಕಾಯಿತು.

ಕಿವಿಗೊಟ್ಟು ಕಲಿತ ಭಾಷೆಗೆ ಒಂದು ತೊಡಕುಂಟು. ಆಡುವವನು ಹೊಸ ಮಾತುಗಳನ್ನು ಸೇರಿಸಿದಂತೆಲ್ಲ ಕಲಿಯುವವನು ಮತ್ತೆ ಮೊದಲಿನಿಂದ ಕಿವಿಗೊಡಬೇಕು. ಮೈಕ್ರೋಸಾಫ್ಟ್ ತನ್ನ ಸರ್ವರುಗಳ ಮಾತನ್ನು ಬೆಳೆಸುತ್ತಲೇ ಇತ್ತು; ಅದರ ಪೂರ್ಣ ವಿವರವನ್ನು ಇತರರಿಗೆ ಕೊಡುತ್ತಿರಲಿಲ್ಲ. ಈ ವಿಷಯವಾಗಿ ಸನ್ ಸಂಸ್ಥೆಯು 1998ರಲ್ಲಿ ಯುರೋಪಿಯನ್ ಆಯೋಗಕ್ಕೆ ದೂರು ಕೊಟ್ಟಿತು. 2004ರಲ್ಲಿ ಆಯೋಗವು ಮೈಕ್ರೋಸಾಫ್ಟಿಗೆ ಸುಮಾರು 49.7 ಕೋಟಿ ಯೂರೋ ದಂಡ ವಿಧಿಸಿ, ವಿವರಗಳನ್ನು ಬಿಟ್ಟುಕೊಡಬೇಕೆಂದು ಆಜ್ಞಾಪಿಸಿತು. ಮೈಕ್ರೋಸಾಫ್ಟ್ ಮೇಲ್ಮನವಿ ಸಲ್ಲಿಸಿತು. 2007ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯವು ಆಯೋಗದ ತೀರ್ಮಾನವನ್ನು ಮುಖ್ಯವಾಗಿ ಎತ್ತಿಹಿಡಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಾಂಬಾ ತಂಡಕ್ಕೆ ಹತ್ತು ಸಾವಿರ ಯೂರೋ ಶುಲ್ಕದ ಮೇಲೆ ಆ ವ್ಯಾಕರಣ ದೊರೆಯಿತು. ಹದಿನಾರು ವರ್ಷ ತಂತಿಗೆ ಕಿವಿಹಚ್ಚಿ ಕಲಿತುದನ್ನು ಕೊನೆಗೆ ಪುಸ್ತಕದಲ್ಲಿ ಓದುವಂತಾಯಿತು. ತರುವಾಯ ಎರಡು ಕಡೆಯ ತಂತ್ರಜ್ಞರೂ ಕೂಡಿ ಕುಳಿತು ತಮ್ಮ ತಂತ್ರಾಂಶಗಳನ್ನು ಪರೀಕ್ಷಿಸುವ ಪದ್ಧತಿಯೂ ಬಂದಿತು. 2013ರಲ್ಲಿ ಆ್ಯಪಲ್ ಸಂಸ್ಥೆಯು ತನ್ನದೇ ಒಡಂಬಡಿಕೆಯನ್ನು ಹಿಂದಕ್ಕೆ ಸರಿಸಿ ಎಸ್‌ಎಂಬಿಯನ್ನೇ ಮುಂದುಮಾಡಿತು.

ಪ್ರಿಂಟರಿನ ಕಥೆ ಇದಕ್ಕಿಂತ ಸ್ವಲ್ಪ ಬೇರೆ. ಕಡತವನ್ನು ಇಬ್ಬರು ಒಟ್ಟಿಗೆ ಓದಬಹುದು. ಪ್ರಿಂಟರು ಒಂದು ಸಲಕ್ಕೆ ಒಬ್ಬರ ಹಾಳೆಯನ್ನು ಮಾತ್ರ ಮುದ್ರಿಸಬಲ್ಲದು. ಆದುದರಿಂದ ಅದಕ್ಕೆ ಸರದಿ ಬೇಕು. ಪಡಿತರ ಅಂಗಡಿಯ ಮುಂದೆ ಚೀಲಗಳನ್ನು ಸಾಲಾಗಿ ಇಟ್ಟು ಜನರು ನೆರಳಿಗೆ ಸರಿದುಕೊಳ್ಳುವಂತೆ, ಗಣಕಗಳು ತಮ್ಮ ಹಾಳೆಗಳನ್ನು ಸರ್ವರಿನ ಸರದಿಯಲ್ಲಿ ಇಟ್ಟು ಬೇರೆ ಕೆಲಸಕ್ಕೆ ಹೋಗುತ್ತವೆ. ಇದಲ್ಲದೆ ಒಂದೊಂದು ತಯಾರಕರ ಪ್ರಿಂಟರಿಗೂ ಒಂದೊಂದು ಭಾಷೆ. ಆ ಭಾಷೆಯನ್ನು ಬಲ್ಲ ‘ಡ್ರೈವರ್’ ಎಂಬ ತಂತ್ರಾಂಶವು ಪ್ರತಿಯೊಂದು ಗಣಕದಲ್ಲಿಯೂ ಇರಬೇಕಾಗುತ್ತಿತ್ತು. ವಿಂಡೋಸ್‌ಗೆ ಇದ್ದ ಡ್ರೈವರು ಲಿನಕ್ಸ್‌ಗೆ ಇರುತ್ತಿರಲಿಲ್ಲ. ಅಮೆರಿಕದ ಎಂಐಟಿಯಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಅವರು, ಹಾಳೆ ಸಿಕ್ಕಿಕೊಳ್ಳುತ್ತಿದ್ದ ಒಂದು ಲೇಸರ್ ಪ್ರಿಂಟರಿನ ತಂತ್ರಾಂಶವನ್ನು ತಿದ್ದಲು ಹೊರಟಾಗ ಅದರ ಮೂಲಪಾಠವನ್ನು ಕೊಡಲು ನಿರಾಕರಿಸಲಾಯಿತು. ಆ ಬೇಸರವೂ ಅವರ ಮುಕ್ತ ತಂತ್ರಾಂಶ ಚಳವಳಿಯ ಹಿಂದೆ ಇತ್ತು. 1999ರಲ್ಲಿ ಮೈಕಲ್ ಸ್ವೀಟ್ ಎಂಬುವರ ‘ಕಪ್ಸ್’ ಎಂಬ ತಂತ್ರಾಂಶ ಬಂದು ಯುನಿಕ್ಸ್, ಲಿನಕ್ಸ್‌ಗಳ ಮುದ್ರಣವು ಒಂದು ವ್ಯವಸ್ಥೆಗೆ ಬಂದಿತು. ಮುದ್ರಣಕ್ಕೆಂದೇ ಎಲ್ಲರೂ ಒಪ್ಪಿದ ಐಪಿಪಿ ಎಂಬ ಒಡಂಬಡಿಕೆಯೂ ಆ ಕಾಲದ್ದೇ. ಈಗಿನ ಅನೇಕ ಪ್ರಿಂಟರುಗಳು ಅದನ್ನು ತಾವೇ ಬಲ್ಲವಾದುದರಿಂದ ಕಿಸೆಯಲ್ಲಿರುವ ಫೋನಿನಿಂದಲೂ ಡ್ರೈವರಿಲ್ಲದೆ ಮುದ್ರಿಸಬಹುದು.

ಇಷ್ಟಾದರೆ ಕೆಲಸ ಮುಗಿಯಿತೆ? ಇಂಗ್ಲಿಷಿನ ಮಟ್ಟಿಗೆ ಬಹುಶಃ ಮುಗಿಯಿತು. ಕನ್ನಡದ ಮಟ್ಟಿಗೆ ಮುಗಿದಿರಲಿಲ್ಲ. ಕರ್ನಾಟಕದ ಕರಾವಳಿಯಲ್ಲಿ ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವವರುಂಟು; ಕಾಳಿ ನದಿಯನ್ನು ದಾಟಿ ಗೋವೆಗೆ ಹೋದರೆ ಅದನ್ನೇ ನಾಗರಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಬರೆಯುತ್ತಾರೆ. ಕಾರವಾರದಿಂದ ಕನ್ನಡ ಲಿಪಿಯ ಕಾಗದವೊಂದು ಪಣಜಿಗೆ ಹೋದರೆ ಅಂಚೆಯವನ ಕೆಲಸದಲ್ಲಿ ಲೋಪವಿಲ್ಲ, ಭಾಷೆಯೂ ಒಂದೇ. ಆದರೂ ಓದಲು ಬಾರದೆ ಇರಬಹುದು. ಕನ್ನಡದ ಕಡತಗಳಿಗೆ ಆದುದು ಇದೇ.

ಗಣಕವು ಅಕ್ಷರಗಳನ್ನು ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬುದರಲ್ಲಿಯೂ ಒಡಂಬಡಿಕೆ ಬೇಕು. ಬಹುಕಾಲ ಕನ್ನಡದಲ್ಲಿ ಅದು ಇರಲಿಲ್ಲ. ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳು ಕನ್ನಡಿಗರಿಗೆ ಮಾಡಿದ ಉಪಕಾರ ದೊಡ್ಡದು. ಅವಿಲ್ಲದಿದ್ದರೆ ಕಚೇರಿಗಳಲ್ಲಿ ಕನ್ನಡದ ಬೆರಳಚ್ಚು ಗಣಕಕ್ಕೆ ಬರುತ್ತಲೇ ಇರಲಿಲ್ಲ. ಆದರೆ ರೋಮನ್ ಅಕ್ಷರಗಳಿಗೆಂದು ಮೀಸಲಾದ ಸಂಖ್ಯೆಗಳ ಮೇಲೆಯೇ ಅವು ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಅದೇ ಅಕ್ಷರಮಾದರಿ ಇಲ್ಲದ ಗಣಕದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕೇರಳ ಸರ್ಕಾರದ ಯೋಜನೆಯಂತೆ ಲಿನಕ್ಸ್ ಗಣಕಗಳು ಬಂದಿವೆ. ಗಡಿಯ ಈಚೆ ವಿಂಡೋಸ್‌ನಲ್ಲಿ ಹಳೆಯ ರೀತಿಯಿಂದ ಬರೆದ ಪ್ರಶ್ನಪತ್ರಿಕೆ ಅಲ್ಲಿಗೆ ತಲಪಿದರೆ ಕಡತ ಬಂದಿರುತ್ತದೆ, ಕನ್ನಡ ಬಂದಿರುವುದಿಲ್ಲ. ಮುದ್ರಿಸಿದ ಹಾಳೆಯೇನೋ ಚೆನ್ನಾಗಿಯೇ ಬರುತ್ತಿತ್ತು. ಬರೆದ ಗಣಕವೇ ಮುದ್ರಿಸುತ್ತಿದ್ದುದರಿಂದ ದೋಷವು ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ.

ಜಗತ್ತಿನ ಎಲ್ಲ ಲಿಪಿಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಒಡಂಬಡಿಕೆಯು 1991ರಲ್ಲಿ ಪ್ರಕಟವಾದಾಗಲೇ ಅದರಲ್ಲಿ ಕನ್ನಡಕ್ಕೂ ಸ್ಥಾನವಿತ್ತು. ಅರ್ಗಾ ಎಂಬ ಹೆಸರನ್ನೇ ತೆಗೆದುಕೊಳ್ಳಬಹುದು. ಅಕಾರಕ್ಕೆ 3205, ರಕಾರಕ್ಕೆ 3248, ವಿರಾಮ ಚಿಹ್ನೆಗೆ 3277, ಗಕಾರಕ್ಕೆ 3223, ಆಕಾರದ ದೀರ್ಘಕ್ಕೆ 3262. ಈ ಐದು ಸಂಖ್ಯೆಗಳು ಇದೇ ಕ್ರಮದಲ್ಲಿ ಯಾವ ಗಣಕಕ್ಕೆ ಹೋದರೂ ಅರ್ಗಾ ಎಂದೇ ಓದಿಸಿಕೊಳ್ಳುತ್ತವೆ. ಇಲ್ಲಿ ಒಂದು ಸ್ವಾರಸ್ಯವುಂಟು. ಉಚ್ಚಾರದಲ್ಲಿ ರಕಾರ ಮೊದಲು, ಗಕಾರ ಆಮೇಲೆ. ಬರವಣಿಗೆಯಲ್ಲಿ ಗಾ ಮೊದಲು, ಅರ್ಕವೊತ್ತು ಆಮೇಲೆ. ಯೂನಿಕೋಡ್ ಉಚ್ಚಾರದ ಕ್ರಮವನ್ನು ಹಿಡಿಯಿತು. ಹಳೆಯ ತಂತ್ರಾಂಶಗಳು ಕಣ್ಣಿಗೆ ಕಾಣುವ ಕ್ರಮವನ್ನು ಹಿಡಿದಿದ್ದವು. ಹೀಗಾಗಿ ಒಂದು ರೀತಿಯಿಂದ ಬರೆದ ಹೆಸರನ್ನು ಇನ್ನೊಂದು ರೀತಿಯಿಂದ ಹುಡುಕಿದರೆ ಅದು ಸಿಗುವುದಿಲ್ಲ.

ಇದು ಪಂಡಿತರ ಚರ್ಚೆಗೆ ಬಿಟ್ಟ ವಿಷಯವಲ್ಲ. ಸೀಬರ್ಡಿಗಾಗಿ ನೆಲ ಬಿಟ್ಟವರ ಪರಿಹಾರದ ವ್ಯವಹಾರಗಳು ದಶಕಗಳ ಕಾಲ ನಡೆದವು. ಅಷ್ಟು ದೀರ್ಘವಾದ ವ್ಯವಹಾರದಲ್ಲಿ ಬೆರಳಚ್ಚಿನ ಹಾಳೆ, ಹಳೆಯ ತಂತ್ರಾಂಶದ ಕಡತ, ಯೂನಿಕೋಡ್ ಪಟ್ಟಿ ಮೂರೂ ಒಂದರ ಮೇಲೊಂದು ಬೀಳುವುದು ಸಹಜ. ಅಂತಹ ಪಟ್ಟಿಯಲ್ಲಿ ಅರ್ಗೇಕರ ಎಂಬ ಮನೆತನದ ಹೆಸರನ್ನು ಹುಡುಕಿದಾಗ ಗಣಕವು ‘ಇಲ್ಲ’ ಎಂದರೆ, ಹೆಸರು ನಿಜವಾಗಿಯೂ ಇಲ್ಲವೋ ಅಥವಾ ಅರ್ಕವೊತ್ತು ಬೇರೊಂದು ಸ್ಥಾನದಲ್ಲಿ ಕುಳಿತಿದೆಯೋ ಎಂಬುದನ್ನು ನೋಡುವವರು ಬೇಕು.

ಕರ್ನಾಟಕ ಸರ್ಕಾರವೂ ಮುಂದೆ ಯೂನಿಕೋಡನ್ನು ಅಂಗೀಕರಿಸಿತು. ಹಳೆಯ ಕಡತಗಳನ್ನು ಅದಕ್ಕೆ ಬದಲಾಯಿಸುವ ಪರಿವರ್ತಕಗಳೂ ಬಂದಿವೆ. ಅವು ಬಹುಪಾಲು ಸರಿಯಾಗಿಯೇ ಕೆಲಸ ಮಾಡುತ್ತವೆ. ಒತ್ತಕ್ಷರಗಳು ಗುಂಪುಗೂಡಿದಲ್ಲಿ, ನಡುವೆ ಇಂಗ್ಲಿಷ್ ಮಾತು ಬಂದಲ್ಲಿ ಮಾತ್ರ ಅಲ್ಲಲ್ಲಿ ಎಡವುತ್ತವೆ. ಆದುದರಿಂದ ಪರಿವರ್ತಿಸಿದ ಮೇಲೆ ಒಬ್ಬರು ಹಳೆಯ ಹಾಳೆಯನ್ನು ಹಿಡಿದು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಪರದೆಯ ಮೇಲೆ ಬೆರಳಿಟ್ಟು ಹೆಸರುಗಳನ್ನು ಒಂದೊಂದಾಗಿ ತಾಳೆ ನೋಡುತ್ತಾರೆ.